ಮಿದುಳಿನ ಉಬ್ಬಿಗೆ ಸಾಧನ ಇಟ್ಟ ಮೇಲೆ: ಬದಲಾಗುವ ಆಕಾರವನ್ನು ಅರಿಯುವುದು ಹೇಗೆ?

ಮಿದುಳಿನ ಅನ್ಯೂರಿಸಂಗೆ ಕಾಯಿಲ್ ಅಥವಾ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಮರಳುವವರ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ‘ಆರು ತಿಂಗಳ ನಂತರ ಮತ್ತೆ ಆಂಜಿಯೋಗ್ರಾಂ’ ಎಂದು ಬರೆದಿರುತ್ತದೆ. ಆರು ತಿಂಗಳಾಗುವ ಹೊತ್ತಿಗೆ ತಲೆನೋವಿರುವುದಿಲ್ಲ, ನಡಿಗೆ, ಮಾತು ಎಲ್ಲ ಸರಿಯಿರುತ್ತದೆ, ಕೈಯಲ್ಲಿದ್ದ ಹಣ ಚಿಕಿತ್ಸೆಗೇ ಕರಗಿರುತ್ತದೆ. ‘ಚೆನ್ನಾಗಿಯೇ ಇದ್ದಾರಲ್ಲ, ಮತ್ತೇಕೆ?’ ಎಂದು ಮುಂದೂಡುವ ಮನೆಗಳುಂಟು. ಹೇಳಿದ ದಿನಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡವರಿಗೆ ಬೇರೆ ಸಂಕಟ. ವರದಿಯಲ್ಲಿ ‘ಕಾಯಿಲ್ ಕಾಂಪ್ಯಾಕ್ಷನ್’, ‘ನೆಕ್ ರೆಮ್ನಂಟ್’, ‘ಡಿವೈಸ್ ಶೇಪ್ ಮಾಡಿಫಿಕೇಶನ್’ ಎಂಬ ಮಾತು ಕಂಡು ಎದೆ ಧಸಕ್ಕೆನ್ನುತ್ತದೆ.

ಈ ಎರಡೂ ಬಗೆಯ ಮನೆಗಳವರಿಗಾಗಿ ಈ ಬರಹ. ಸಾಧನ ಇಟ್ಟ ದಿನ ಉಬ್ಬು ಹೇಗಿತ್ತೋ ಹಾಗೆಯೇ ಉಳಿಯುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದಲಾಗುತ್ತಲೇ ಇರುತ್ತದೆ. ಆ ಬದಲಾವಣೆ ವಾಸಿಯಾಗುತ್ತಿರುವ ಗುರುತಾಗಿರಬಹುದು, ಚಿಕಿತ್ಸೆ ಸಡಿಲಗೊಳ್ಳುತ್ತಿರುವ ಗುರುತೂ ಆಗಿರಬಹುದು. ಯಾವುದೆಂದು ತಿಳಿಯಬೇಕಾದರೆ ಡಾಕ್ಟರ ಮುಂದೆ ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ: ಬದಲಾದದ್ದು ಯಾವುದರ ಆಕಾರ?

ಒಂದು ಉಬ್ಬು, ಮೂರು ಆಕಾರ

ರಕ್ತನಾಳದ ಗೋಡೆ ದುರ್ಬಲವಾದ ಕಡೆ ಹೊರಕ್ಕೆ ಉಬ್ಬಿ ಸಣ್ಣ ಚೀಲವಾಗುವುದೇ ಅನ್ಯೂರಿಸಂ. ಮಿದುಳಿನ ತಳದಲ್ಲಿ ದೊಡ್ಡ ನಾಳಗಳು ಒಂದಕ್ಕೊಂದು ಕೂಡಿಕೊಂಡು ಒಂದು ವರ್ತುಲವನ್ನು ಕಟ್ಟಿಕೊಂಡಿವೆ. 1664ರಲ್ಲಿ ಅದನ್ನು ವಿವರವಾಗಿ ಬರೆದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಹೆಸರೇ ಆ ವರ್ತುಲಕ್ಕೆ ಉಳಿದಿದೆ. ನಾಳ ಕವಲೊಡೆಯುವ ಜಾಗದಲ್ಲಿ ರಕ್ತದ ಹೊಡೆತ ಹೆಚ್ಚು, ಉಬ್ಬು ಏಳುವುದೂ ಹೆಚ್ಚಾಗಿ ಅಲ್ಲೇ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಯ ತಲೆಯಲ್ಲಿ ಒಡೆಯದ ಅನ್ಯೂರಿಸಂ ಇರುತ್ತದೆ, ಅವುಗಳಲ್ಲಿ ಬಹುಪಾಲು ಬದುಕಿಡೀ ಒಡೆಯುವುದೇ ಇಲ್ಲ. ಒಡೆದರೆ ಮಾತ್ರ ಮಿದುಳಿನ ಸುತ್ತ ರಕ್ತ ಹರಡಿ ಪ್ರಾಣಕ್ಕೆ ಸಂಚಕಾರ.

ಚೀಲವು ಮೂಲನಾಳಕ್ಕೆ ತೆರೆದುಕೊಳ್ಳುವ ಬಾಯಿಗೆ ಡಾಕ್ಟರುಗಳು ‘ನೆಕ್’, ಅಂದರೆ ಕುತ್ತಿಗೆ ಎನ್ನುತ್ತಾರೆ. ಅದು 4 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲವಿದ್ದರೆ ‘ವೈಡ್ ನೆಕ್’. ಚೀಲದ ಅಳತೆ 25 ಮಿಲಿಮೀಟರ್ ಮುಟ್ಟಿದರೆ ‘ಜಯಂಟ್’. ಈ ಎರಡು ಅಳತೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಉಬ್ಬು ಹೇಗೆ ವರ್ತಿಸುತ್ತದೆ ಎಂಬುದರ ಬಹುಭಾಗ ಇವುಗಳ ಮೇಲೆಯೇ ನಿಂತಿದೆ.

ಚಿಕಿತ್ಸೆಯಾದ ಉಬ್ಬಿನಲ್ಲಿ ಮೂರು ಬೇರೆ ಬೇರೆ ಆಕಾರಗಳಿರುತ್ತವೆ. ರಕ್ತ ಇನ್ನೂ ಹೋಗಿಬರುವ ಒಳಜಾಗ ಒಂದು. ಒಳಗೆ ಅಥವಾ ಬಾಯಿಗೆ ಅಡ್ಡಲಾಗಿ ಇಟ್ಟ ಸಾಧನ ಇನ್ನೊಂದು. ಚೀಲದ ಹೊರಗೋಡೆ ಮೂರನೆಯದು. ಈ ಮೂರೂ ಒಟ್ಟಿಗೆ ಬದಲಾಗಬೇಕೆಂದೇನೂ ಇಲ್ಲ. ಆಂಜಿಯೋಗ್ರಾಂನಲ್ಲಿ ಬಣ್ಣದ ದ್ರವ ಎಲ್ಲಿ ಹರಿಯುತ್ತದೋ ಅಷ್ಟೇ ಕಾಣುತ್ತದೆ, ಜೊತೆಗೆ ಲೋಹದ ನೆರಳು. ಹೊರಗೋಡೆಯನ್ನೂ ಒಳಗೆ ಹೆಪ್ಪುಗಟ್ಟಿದ ರಕ್ತವನ್ನೂ ತೋರಿಸುವುದು ಎಂಆರ್‌ಐ. ಹಾಗಾಗಿ ಒಂದೇ ವಾರದಲ್ಲಿ ಮಾಡಿಸಿದ ಎರಡು ಪರೀಕ್ಷೆಗಳಲ್ಲಿ ಒಂದು ‘ಅನ್ಯೂರಿಸಂ ಪೂರ್ತಿ ಮುಚ್ಚಿದೆ’ ಎಂದೂ ಇನ್ನೊಂದು ‘20 ಮಿಲಿಮೀಟರ್ ಗಾತ್ರದ ಗಡ್ಡೆಯಂಥದ್ದು ಹಾಗೇ ಇದೆ’ ಎಂದೂ ಹೇಳಿದರೆ ಯಾರೂ ಸುಳ್ಳು ಹೇಳಿದಂತಲ್ಲ. ಮೊದಲನೆಯದು ಒಳಜಾಗದ ಮಾತು, ಎರಡನೆಯದು ಹೊರಗೋಡೆಯ ಮಾತು. ಇಷ್ಟು ತಿಳಿಯದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರನ್ನು ಕಂಡಾಗ, ಯಾರಾದರೂ ಐದು ನಿಮಿಷ ಕೂತು ವಿವರಿಸಿದ್ದರೆ ಎಷ್ಟು ಸಂಕಟ ತಪ್ಪುತ್ತಿತ್ತು ಎನಿಸುತ್ತದೆ.

ಕಾಯಿಲ್: ತುಂಬಿದ್ದು ತಗ್ಗುವ ಬಗೆ

1937ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಕ್ಲಿಪ್ ಹಾಕಿದರು. ಐದು ದಶಕಗಳ ಕಾಲ ಅದೇ ದಾರಿ. 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇಟಲಿಯ ಗೈಡೋ ಗುಲಿಯೆಲ್ಮಿ ಮತ್ತು ಸಂಗಡಿಗರು ತೊಡೆಸಂದಿಯ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಅದರ ಮೂಲಕ ಪ್ಲಾಟಿನಂ ತಂತಿಯ ಸುರುಳಿಯನ್ನು ಉಬ್ಬಿನೊಳಗೆ ಇಳಿಸಿ, ಸಣ್ಣ ವಿದ್ಯುತ್ ಹರಿಸಿ ಅದನ್ನು ಅಲ್ಲೇ ಬಿಡಿಸುವ ವಿಧಾನವನ್ನು ರೋಗಿಗಳಿಗೆ ತಂದರು. ಅದೇ ಕಾಯಿಲ್. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಐಸ್ಯಾಟ್ ಅಧ್ಯಯನದಲ್ಲಿ ಒಡೆದ ಅನ್ಯೂರಿಸಂನ 2143 ರೋಗಿಗಳಿದ್ದರು. ವರ್ಷ ತುಂಬುವ ಹೊತ್ತಿಗೆ ಸಾವಿಗೀಡಾದವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಗುಂಪಿನಲ್ಲಿ ಶೇ 30.6, ಕಾಯಿಲ್ ಗುಂಪಿನಲ್ಲಿ ಶೇ 23.7. ಅಲ್ಲಿಂದ ಮುಂದೆ ಕಾಯಿಲ್ ಜಗತ್ತಿನ ತುಂಬ ಹರಡಿತು.

ಆದರೆ ಕಾಯಿಲ್‌ಗೆ ಅದರದ್ದೇ ಒಂದು ದೌರ್ಬಲ್ಯವಿದೆ. ಚೀಲದ ತುಂಬ ತಂತಿ ತುಂಬಿದಂತೆ ಚಿತ್ರದಲ್ಲಿ ಕಂಡರೂ ಲೋಹ ಆವರಿಸುವುದು ಚೀಲದ ಘನಗಾತ್ರದ ಕಾಲುಭಾಗದ ಆಸುಪಾಸು. ಉಳಿದದ್ದೆಲ್ಲ ತಂತಿಗಳ ಸಂದಿಯಲ್ಲಿ ಹೆಪ್ಪುಗಟ್ಟಿದ ರಕ್ತ. ಆ ಹೆಪ್ಪು ನಿಧಾನವಾಗಿ ನಾರಾಗಿ ಗಟ್ಟಿಯಾಗಬೇಕು, ಕುತ್ತಿಗೆಯ ಮೇಲೆ ನಾಳದ ಒಳಪದರ ಹೊಸದಾಗಿ ಹಬ್ಬಿಕೊಳ್ಳಬೇಕು. ಅಷ್ಟಾಗುವ ಮೊದಲೇ ಹೃದಯದ ಪ್ರತಿ ಬಡಿತಕ್ಕೂ ರಕ್ತ ಬಂದು ಕುತ್ತಿಗೆಗೆ ಅಪ್ಪಳಿಸುತ್ತಿರುತ್ತದೆ. ಸೇರಿನ ತುಂಬ ಅಕ್ಕಿ ಅಳೆದು ನಾಲ್ಕು ಬಾರಿ ಕುಲುಕಿದರೆ ಅಕ್ಕಿ ತಗ್ಗಿ ಮೇಲೆ ಜಾಗ ಬಿಡುವಂತೆ, ತಂತಿಯ ಉಂಡೆ ಒಳಕ್ಕೆ ಒತ್ತಿಕೊಂಡು ಕುತ್ತಿಗೆಯ ಕಡೆ ಜಾಗ ತೆರೆಯುತ್ತದೆ. ಕಾಯಿಲ್ ಕಾಂಪ್ಯಾಕ್ಷನ್ ಎಂದರೆ ಇದೇ. ಹೊರಗೋಡೆ ಅಷ್ಟೇ ಇದೆ, ಸಾಧನ ಕುಗ್ಗಿದೆ, ರಕ್ತದ ಒಳಜಾಗ ಮತ್ತೆ ಹುಟ್ಟಿದೆ.

ಕಾಂಪ್ಯಾಕ್ಷನ್ ಅಲ್ಲದ ಇನ್ನೂ ಎರಡು ಕಾರಣಗಳಿಗೆ ಉಬ್ಬು ಮತ್ತೆ ತುಂಬಬಹುದು. ಮೊದಲೇ ಅರ್ಧ ಹೆಪ್ಪುಗಟ್ಟಿದ್ದ ದೊಡ್ಡ ಉಬ್ಬುಗಳಲ್ಲಿ ತಂತಿ ಆ ಮೆತ್ತನೆಯ ಹೆಪ್ಪಿನೊಳಕ್ಕೆ ಸರಿದುಹೋಗುತ್ತದೆ. ಇನ್ನು ಕೆಲವರಲ್ಲಿ ಕಾಯಿಲ್ ಇದ್ದಲ್ಲೇ ಇದ್ದು, ಕುತ್ತಿಗೆಯ ಪಕ್ಕದ ದುರ್ಬಲ ಗೋಡೆಯೇ ಬೆಳೆಯುತ್ತದೆ. ಈ ಮೂರನೆಯದು ಹೆಚ್ಚು ಗಮನ ಬೇಡುವಂಥದ್ದು. ಏಕೆಂದರೆ ಅಲ್ಲಿ ಕಾಯಿಲೆ ಇನ್ನೂ ಜೀವಂತವಾಗಿದೆ.

ಎಷ್ಟು ಮಂದಿಗೆ ಹೀಗಾಗುತ್ತದೆ? ಕೆನಡಾದ ಮಾಂಟ್ರಿಯಲ್‌ನ ರೇಮಂಡ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಾಯಿಲ್ ಹಾಕಿ ಮರುಪರೀಕ್ಷೆಗೆ ಒಳಪಡಿಸಿದ ಉಬ್ಬುಗಳಲ್ಲಿ ಶೇ 33.6ರಷ್ಟು ಒಂದಿಷ್ಟು ಮಟ್ಟಿಗೆ ಮತ್ತೆ ತೆರೆದುಕೊಂಡಿದ್ದವು, ಶೇ 20.7ರಷ್ಟು ದೊಡ್ಡದಾಗಿಯೇ ತೆರೆದಿದ್ದವು. ಮರುತೆರವು ಕಂಡುಬಂದದ್ದು ಸರಾಸರಿ ಒಂದು ವರ್ಷದ ಹೊತ್ತಿಗೆ. ಅಂದಿನಿಂದ ಕಾಯಿಲ್‌ಗಳೂ ಕೈಚಳಕವೂ ಸುಧಾರಿಸಿವೆ. ಆದರೂ ಆರು ತಿಂಗಳ ಒಂದು ಪರೀಕ್ಷೆ ಮಾಡಿಸಿ ಮುಗಿಯಿತು ಎಂದುಕೊಳ್ಳಬಾರದು ಎಂಬ ಪಾಠ ಆ ಅಂಕಿಗಳಲ್ಲಿ ಇಂದಿಗೂ ಇದೆ. ದೊಡ್ಡ ಉಬ್ಬು, ಅಗಲ ಕುತ್ತಿಗೆ, ಒಡೆದ ನಂತರ ಚಿಕಿತ್ಸೆಯಾದದ್ದು, ಮೊದಲ ದಿನವೇ ಪೂರ್ತಿ ಮುಚ್ಚದಿದ್ದದ್ದು, ರಕ್ತದ ಹರಿವು ನೇರವಾಗಿ ಬಂದು ಬಡಿಯುವ ಬೇಸಿಲರ್ ನಾಳದ ತುದಿ ಮುಂತಾದ ಜಾಗ, ಇಂಥ ಕಡೆ ಮರುತೆರವಿನ ಸಂಭವ ಹೆಚ್ಚು.

ವರದಿಯಲ್ಲಿ ‘ರೇಮಂಡ್–ರಾಯ್ ಕ್ಲಾಸ್’ ಎಂದು ಕಂಡರೆ ಹೀಗೆ ಓದಿಕೊಳ್ಳಿ. ಕ್ಲಾಸ್ 1 ಎಂದರೆ ಪೂರ್ತಿ ಮುಚ್ಚಿದೆ. ಕ್ಲಾಸ್ 2 ಎಂದರೆ ಕುತ್ತಿಗೆಯ ಬಳಿ ಮಾತ್ರ ಸ್ವಲ್ಪ ಉಳಿದಿದೆ. ಕ್ಲಾಸ್ 3 ಎಂದರೆ ಚೀಲದೊಳಗೂ ರಕ್ತ ಹೋಗುತ್ತಿದೆ. ಕ್ಲಾಸ್ 3ರಲ್ಲೂ ಈಗ ಎರಡು ಬಗೆ ಮಾಡುತ್ತಾರೆ. ರಕ್ತ ತಂತಿಗಳ ಸಂದಿಯಲ್ಲಿ ಮಾತ್ರ ಸುಳಿದಾಡುತ್ತಿದ್ದರೆ ‘3ಎ’; ಇಂಥವು ತಾವಾಗಿಯೇ ಮುಚ್ಚಿಕೊಳ್ಳುವುದು ಹೆಚ್ಚು. ರಕ್ತ ಚೀಲದ ಗೋಡೆಗೆ ತಾಗಿಕೊಂಡು ಹರಿಯುತ್ತಿದ್ದರೆ ‘3ಬಿ’; ಇವು ಹಾಗೇ ಉಳಿಯುವುದು ಅಥವಾ ಹಿಗ್ಗುವುದು ಹೆಚ್ಚು. ಹಾಗಾಗಿ ‘ಕ್ಲಾಸ್ 3’ ಎಂಬಷ್ಟನ್ನೇ ಓದಿ ಹೆದರಬೇಡಿ, ಎ ಅಥವಾ ಬಿ ಎಂದು ಕೇಳಿ.

ಉಳಿಕೆಯನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಒಡೆದ ಅನ್ಯೂರಿಸಂಗೆ ಚಿಕಿತ್ಸೆ ಪಡೆದವರನ್ನು ಬಹುಕಾಲ ಗಮನಿಸಿದ ಅಮೆರಿಕದ ಕ್ಯಾರಟ್ ಅಧ್ಯಯನದಲ್ಲಿ, ಪೂರ್ತಿ ಮುಚ್ಚಿದ ಉಬ್ಬು ಮತ್ತೆ ಒಡೆದದ್ದು ಶೇ 1.1. ಶೇ 91ರಿಂದ 99ರಷ್ಟು ಮುಚ್ಚಿದವುಗಳಲ್ಲಿ ಶೇ 2.9, 70ರಿಂದ 90ರಷ್ಟು ಮುಚ್ಚಿದವುಗಳಲ್ಲಿ ಶೇ 5.9, 70ಕ್ಕಿಂತ ಕಡಿಮೆ ಮುಚ್ಚಿದವುಗಳಲ್ಲಿ ಶೇ 17.6. ಒಂದಿಷ್ಟೇ ಉಳಿದಿದ್ದರೆ ಅಪಾಯ ಒಂದಿಷ್ಟೇ, ಹೆಚ್ಚು ಉಳಿದಿದ್ದರೆ ಹೆಚ್ಚು. ಸಣ್ಣ ಕುತ್ತಿಗೆಯ ಉಳಿಕೆ ವರ್ಷದಿಂದ ವರ್ಷಕ್ಕೆ ಹಾಗೇ ಇದ್ದರೆ ಸುಮ್ಮನೆ ಗಮನಿಸುತ್ತಾರೆ. ಬೆಳೆಯುತ್ತಿದ್ದರೆ ಮತ್ತಷ್ಟು ಕಾಯಿಲ್, ಅಥವಾ ಸ್ಟೆಂಟ್, ಅಥವಾ ಮುಂದೆ ವಿವರಿಸುವ ಫ್ಲೋ ಡೈವರ್ಟರ್, ಕೆಲವೊಮ್ಮೆ ಕ್ಲಿಪ್ ಶಸ್ತ್ರಚಿಕಿತ್ಸೆ.

ಕಾಯಿಲ್ ಹಾಕಿದ ಉಬ್ಬು ವಾಸಿಯಾದರೂ ಚೀಲ ಪೂರ್ತಿ ಮಾಯವಾಗುವುದಿಲ್ಲ, ಒಳಗೆ ಲೋಹದ ಉಂಡೆ ಕೂತಿರುತ್ತದಲ್ಲ. ದೊಡ್ಡ ಉಬ್ಬು ಕಣ್ಣಿನ ನರವನ್ನು ಒತ್ತುತ್ತಿದ್ದರೆ ಕಾಯಿಲ್ ತುಂಬಿದ ಮೇಲೂ ಒತ್ತಡ ಸ್ವಲ್ಪಮಟ್ಟಿಗೆ ಉಳಿಯಬಹುದು. ಮುಂದಿನ ಸಾಧನ ಬಂದದ್ದೇ ಇಂಥ ದೊಡ್ಡ, ಅಗಲ ಕುತ್ತಿಗೆಯ ಉಬ್ಬುಗಳಿಗಾಗಿ.

ಫ್ಲೋ ಡೈವರ್ಟರ್: ಮೊದಲು ಊತ, ಆಮೇಲೆ ಕುಗ್ಗುವಿಕೆ

ಫ್ಲೋ ಡೈವರ್ಟರ್ ಉಬ್ಬಿನೊಳಗೆ ಹೋಗುವುದೇ ಇಲ್ಲ. ಮೂಲನಾಳದೊಳಗೆ, ಉಬ್ಬಿನ ಬಾಯಿಗೆ ಅಡ್ಡಲಾಗಿ ಕೂರುವ ಒತ್ತಾದ ಹೆಣಿಗೆಯ ಲೋಹದ ಕೊಳವೆ ಇದು. ಅಮೆರಿಕದಲ್ಲಿ 2011ರಲ್ಲಿ ಅನುಮತಿ ಪಡೆದ ‘ಪೈಪ್‌ಲೈನ್’ ಎಂಬುದರಲ್ಲಿ 48 ಎಳೆಗಳಿವೆ, ಹೆಚ್ಚಿನವು ಕೋಬಾಲ್ಟ್–ಕ್ರೋಮಿಯಂ, ಉಳಿದವು ಪ್ಲಾಟಿನಂ–ಟಂಗ್‌ಸ್ಟನ್. ನಾಳದ ಗೋಡೆಯ ಸುಮಾರು ಮೂರನೇ ಒಂದು ಭಾಗವನ್ನು ಮಾತ್ರ ಲೋಹ ಮುಚ್ಚುತ್ತದೆ. ಅಷ್ಟೇ ಸಾಕು. ಉಬ್ಬಿನೊಳಗೆ ನುಗ್ಗುತ್ತಿದ್ದ ರಕ್ತದ ವೇಗ ಕುಂದುತ್ತದೆ, ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಹೆಣಿಗೆಯ ಮೇಲೆ ನಾಳದ ಒಳಪದರ ಎರಡೂ ಕಡೆಯಿಂದ ಹಬ್ಬಿಕೊಂಡು ಬಾಯಿ ಮುಚ್ಚುತ್ತದೆ, ಒಳಗಿನ ಹೆಪ್ಪನ್ನು ದೇಹ ಕ್ರಮೇಣ ಹೀರಿಕೊಳ್ಳುತ್ತದೆ. ಚೀಲ ಕುಸಿದು ಕುಗ್ಗುತ್ತದೆ. ಮೂರೂ ಆಕಾರಗಳಲ್ಲಿ ಹೊರಗೋಡೆಯೂ ಕಿರಿದಾಗುವುದು ಈ ವಿಧಾನದ ದೊಡ್ಡ ಲಾಭ.

ಇದಕ್ಕೆ ಕಾಲ ಬೇಕು. ಆಪರೇಷನ್ ಮುಗಿದ ದಿನದ ಚಿತ್ರದಲ್ಲಿ ಉಬ್ಬು ಇನ್ನೂ ತುಂಬುತ್ತಿರುವುದು ಕಂಡರೆ ಚಿಕಿತ್ಸೆ ಸೋತಂತಲ್ಲ. ಪೈಪ್‌ಲೈನ್‌ಗೆ ಅನುಮತಿ ತಂದುಕೊಟ್ಟ ಪಫ್ಸ್ ಅಧ್ಯಯನದಲ್ಲಿ ಸರಾಸರಿ 18 ಮಿಲಿಮೀಟರ್‌ನ ದೊಡ್ಡ ಉಬ್ಬುಗಳಿದ್ದವು. ಒಂದು ವರ್ಷಕ್ಕೆ ಶೇ 86.8, ಮೂರು ವರ್ಷಕ್ಕೆ ಶೇ 93.4, ಐದು ವರ್ಷಕ್ಕೆ ಶೇ 95.2ರಷ್ಟು ಪೂರ್ತಿ ಮುಚ್ಚಿದ್ದವು. ಕಾಯಿಲ್ ಹಾಕಿದ ಉಬ್ಬಿಗೆ ಕಾಲ ಕಳೆದಂತೆ ತೆರೆದುಕೊಳ್ಳುವ ಭಯ. ಫ್ಲೋ ಡೈವರ್ಟರ್ ಇಟ್ಟ ಉಬ್ಬು ಕಾಲ ಕಳೆದಂತೆ ಇನ್ನಷ್ಟು ಮುಚ್ಚಿಕೊಳ್ಳುತ್ತದೆ, ಒಮ್ಮೆ ಪೂರ್ತಿ ಮುಚ್ಚಿದ್ದು ಮತ್ತೆ ತೆರೆಯುವುದು ಬಲು ಅಪರೂಪ.

ಮೊದಲ ಕೆಲವು ವಾರಗಳ ಬಗ್ಗೆ ಮಾತ್ರ ಎಚ್ಚರವಿರಲಿ. ಚೀಲದೊಳಗೆ ಒಮ್ಮೆಲೇ ಹೆಪ್ಪುಗಟ್ಟಿದಾಗ ಗೋಡೆಯಲ್ಲಿ ಉರಿಯೂತ ಉಂಟಾಗಿ ಉಬ್ಬು ತಾತ್ಕಾಲಿಕವಾಗಿ ಊದಿಕೊಳ್ಳಬಹುದು. ತಲೆನೋವು ಹೆಚ್ಚಬಹುದು, ಕಣ್ಣಿನ ಹಿಂದೆ ನೋವು ಕಾಣಿಸಬಹುದು, ಮೊದಲೇ ಇದ್ದ ಎರಡೆರಡು ಕಾಣುವ ತೊಂದರೆ ಕೆಲವು ದಿನ ಜಾಸ್ತಿಯಾಗಬಹುದು. ದೊಡ್ಡ ಉಬ್ಬುಗಳಿಗೆ ಹಲವು ಕೇಂದ್ರಗಳಲ್ಲಿ ಸ್ವಲ್ಪ ದಿನ ಸ್ಟೀರಾಯ್ಡ್ ಕೊಡುವುದು ಇದೇ ಕಾರಣಕ್ಕೆ. ಬಹಳ ಅಪರೂಪಕ್ಕೆ, ಹೆಚ್ಚಾಗಿ ದೊಡ್ಡ ಮತ್ತು ಜಯಂಟ್ ಉಬ್ಬುಗಳಲ್ಲಿ, ಚಿಕಿತ್ಸೆಯಾದ ಮೊದಲ ಕೆಲವು ತಿಂಗಳಲ್ಲೇ ಉಬ್ಬು ಒಡೆದದ್ದೂ ಉಂಟು. ಇದನ್ನು ತಡೆಯಲು ಕೆಲವು ಡಾಕ್ಟರುಗಳು ಫ್ಲೋ ಡೈವರ್ಟರ್ ಜೊತೆಗೆ ಒಂದಷ್ಟು ಕಾಯಿಲ್‌ಗಳನ್ನೂ ಸಡಿಲವಾಗಿ ತುಂಬುತ್ತಾರೆ. ನಿಮ್ಮವರಿಗೆ ಎರಡೂ ಹಾಕಿದ್ದರೆ ಯಾಕೆ ಎಂಬುದಕ್ಕೆ ಉತ್ತರ ಬಹುಶಃ ಇದೇ.

ವರ್ಷವಾದರೂ ಮುಚ್ಚದಿದ್ದರೆ ಕಾರಣ ಹುಡುಕುತ್ತಾರೆ. ಉಬ್ಬಿನ ಚೀಲದಿಂದಲೇ ಒಂದು ಕವಲು ನಾಳ ಹೊರಟಿದ್ದರೆ ಅದು ರಕ್ತವನ್ನು ಎಳೆಯುತ್ತಲೇ ಇರುತ್ತದೆ, ಉಬ್ಬು ಮುಚ್ಚಲು ಬಿಡುವುದಿಲ್ಲ. ಕೊಳವೆ ನಾಳದ ಗೋಡೆಗೆ ಚೆನ್ನಾಗಿ ಅಂಟಿಕೊಂಡಿರದಿದ್ದರೂ ಹಾಗೆಯೇ. ವಯಸ್ಸಾದವರಲ್ಲಿ ಒಳಪದರ ಹಬ್ಬುವುದು ನಿಧಾನ. ಕೊಳವೆಯೂ ಆಕಾರ ಬದಲಿಸುವುದುಂಟು. ಉದ್ದ ಕುಗ್ಗಬಹುದು, ತುದಿ ಕಿರಿದಾಗಬಹುದು (ಇದಕ್ಕೆ ‘ಫಿಶ್ ಮೌತಿಂಗ್’ ಎನ್ನುತ್ತಾರೆ), ಒಳಪದರ ಅತಿಯಾಗಿ ಬೆಳೆದು ನಾಳ ಸ್ವಲ್ಪ ಸಣ್ಣಗಾಗಬಹುದು. ಕೊನೆಯದು ಆರು ತಿಂಗಳ ಆಂಜಿಯೋಗ್ರಾಂನಲ್ಲಿ ಕಂಡು, ಮುಂದಿನದರ ಹೊತ್ತಿಗೆ ತಾನಾಗಿಯೇ ಇಳಿಯುವುದು ಸಾಮಾನ್ಯ.

ಫ್ಲೋ ಡೈವರ್ಟರ್ ವರದಿಗಳಲ್ಲಿ ‘ಒಕೆಎಂ’ ಶ್ರೇಣಿ ಎಂದಿರುತ್ತದೆ. ಎ ಎಂದರೆ ಪೂರ್ತಿ ತುಂಬುತ್ತಿದೆ, ಬಿ ಎಂದರೆ ಭಾಗಶಃ, ಸಿ ಎಂದರೆ ಬಾಯಿಯ ಬಳಿ ಮಾತ್ರ, ಡಿ ಎಂದರೆ ರಕ್ತ ಹೋಗುತ್ತಲೇ ಇಲ್ಲ. ಪಕ್ಕದ 1, 2, 3 ಅಂಕಿ ಬಣ್ಣದ ದ್ರವ ಒಳಗೆ ಎಷ್ಟು ಹೊತ್ತು ತಂಗುತ್ತದೆ ಎಂಬುದರದ್ದು. ಹೆಚ್ಚು ಹೊತ್ತು ತಂಗಿದಷ್ಟೂ ಒಳ್ಳೆಯದು.

ವೆಬ್: ಕುಗ್ಗಿದ ಬುಟ್ಟಿ ಏನು ಹೇಳುತ್ತದೆ?

ನಾಳ ಎರಡಾಗಿ ಕವಲೊಡೆಯುವ ಮೂಲೆಯಲ್ಲಿ ಅಗಲ ಕುತ್ತಿಗೆಯ ಉಬ್ಬು ಇದ್ದರೆ ಕಾಯಿಲ್ ಹೊರಕ್ಕೆ ಜಾರುತ್ತದೆ, ಸ್ಟೆಂಟ್ ಕೂರಿಸುವುದು ಕಷ್ಟ. ಅಂಥ ಕಡೆಗೆ ಬಂದದ್ದು ‘ವೂವನ್ ಎಂಡೋಬ್ರಿಡ್ಜ್’, ಚಿಕ್ಕದಾಗಿ ವೆಬ್. ಮಡಚಿದರೆ ತೆಳು ಕೊಳವೆಯಲ್ಲಿ ಹಿಡಿಸುವ, ಬಿಟ್ಟ ಕೂಡಲೇ ಚೀಲದೊಳಗೆ ಅರಳಿ ತುಂಬಿಕೊಳ್ಳುವ ನಿಟಿನಾಲ್ ಎಳೆಗಳ ಹೆಣೆದ ಬುಟ್ಟಿ. ಇದಕ್ಕೆ ಅಮೆರಿಕದ ಅನುಮತಿ ಸಿಕ್ಕಿದ್ದು 2018ರ ಡಿಸೆಂಬರ್ ಕೊನೆಯಲ್ಲಿ. ಮೂಲನಾಳದಲ್ಲಿ ಲೋಹ ಉಳಿಯದ ಕಾರಣ ರಕ್ತ ತಿಳಿಯಾಗಿಸುವ ಎರಡೆರಡು ಮಾತ್ರೆಗಳನ್ನು ಬಹುಕಾಲ ನುಂಗುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಒಡೆದ ಅನ್ಯೂರಿಸಂ ಇರುವವರಲ್ಲಿ ಇದು ಸಣ್ಣ ಅನುಕೂಲವಲ್ಲ.

ಆಕಾರದ ಪ್ರಶ್ನೆ ತೀರ ಜಟಿಲವಾಗುವುದು ಈ ವೆಬ್‌ನಲ್ಲೇ. ಬುಟ್ಟಿಯ ಮೇಲೂ ಕೆಳಗೂ ಎಳೆಗಳು ಕೂಡುವ ಕಡೆ ಒಂದೊಂದು ಸಣ್ಣ ಗುಳಿ ಇರುತ್ತದೆ. ತಿಂಗಳುಗಳು ಕಳೆದಂತೆ ಹಲವರಲ್ಲಿ ಆ ಗುಳಿಗಳು ಆಳವಾಗಿ, ಬುಟ್ಟಿಯ ಎತ್ತರ ತಗ್ಗಿ, ಮೊದಲಿನ ಆಕಾರವೇ ಇಲ್ಲವಾಗುತ್ತದೆ. ಫ್ರಾನ್ಸಿನ ವೈದ್ಯರು ಇದನ್ನು ಗುರುತಿಸಿ ‘ವೆಬ್ ಕಂಪ್ರೆಷನ್’ ಎಂದು ಬರೆದಾಗ ಕಾಯಿಲ್ ಕಾಂಪ್ಯಾಕ್ಷನ್‌ನದೇ ಇನ್ನೊಂದು ರೂಪ ಎಂಬ ಆತಂಕ ಎದ್ದಿತ್ತು. ರಕ್ತದ ಹೊಡೆತ ಬುಟ್ಟಿಯನ್ನು ಅದುಮುತ್ತಿದೆ ಎಂಬುದು ಒಂದು ವಾದ. ಹಾಗಿದ್ದರೆ ಕೆಳಗಿನ ಗುಳಿ ಮಾತ್ರ ಒಳಹೋಗಬೇಕಿತ್ತು, ರಕ್ತ ಬಡಿಯದ ಮೇಲಿನ ಗುಳಿ ಯಾಕೆ ಆಳವಾಗುತ್ತದೆ ಎಂಬುದು ಎದುರು ವಾದ. ಹೆಪ್ಪುಗಟ್ಟಿದ ರಕ್ತ ನಾರಾಗುವಾಗ ಸಹಜವಾಗಿ ಸೆಳೆದುಕೊಂಡು ಕುಗ್ಗುತ್ತದೆ, ಜೊತೆಗೆ ಬುಟ್ಟಿಯ ಎಳೆಗಳನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ಇದು ವಾಸಿಯಾಗುವ ಪ್ರಕ್ರಿಯೆಯ ಭಾಗ ಎನ್ನುವವರ ಮಾತಿಗೆ ಈಗ ಹೆಚ್ಚು ಬಲವಿದೆ. ‘ಕಂಪ್ರೆಷನ್’ ಬದಲು ‘ಶೇಪ್ ಮಾಡಿಫಿಕೇಶನ್’ ಎಂದು ಬರೆಯುವ ರೂಢಿ ಬೆಳೆದದ್ದೂ ಇದರಿಂದಲೇ. ಎರಡೂ ಕಾರಣಗಳು ಒಂದೇ ಉಬ್ಬಿನಲ್ಲಿ ಬೆರೆತಿರಲು ಸಾಧ್ಯ.

ಆದ್ದರಿಂದ ಬುಟ್ಟಿ ಕುಗ್ಗಿದೆ ಎಂಬ ಒಂದೇ ಸಾಲಿನಿಂದ ತೀರ್ಮಾನಕ್ಕೆ ಬರಬಾರದು. ಬುಟ್ಟಿ ಕುಗ್ಗಿ, ಚೀಲವೂ ಅದರ ಜೊತೆ ಕುಗ್ಗಿ, ಬಾಯಿ ಮುಚ್ಚಿದ್ದರೆ ಸಂತೋಷದ ಸುದ್ದಿ. ಬುಟ್ಟಿ ಕುಗ್ಗಿ, ಬಿಟ್ಟ ಜಾಗಕ್ಕೆ ರಕ್ತ ನುಗ್ಗಿದ್ದರೆ ಆಗ ಚಿಂತಿಸಬೇಕು. ಕೆಳಗಿನ ಗುಳಿಯಲ್ಲಷ್ಟೇ ಬಣ್ಣ ಕಂಡರೆ ಅದನ್ನು ಉಳಿಕೆ ಎಂದು ಎಣಿಸುವುದಿಲ್ಲ. ಗುಳಿ ಸಾಧನದ ವಿನ್ಯಾಸದಲ್ಲೇ ಇದೆ, ನಾಳದ ಕಡೆಗೆ ತೆರೆದಿದೆ. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯವರು ರೂಪಿಸಿದ ‘ಬಾಸ್’ ಶ್ರೇಣಿಯಲ್ಲಿ ಪೂರ್ತಿ ಮುಚ್ಚಿದ್ದಕ್ಕೆ ಸೊನ್ನೆ, ಗುಳಿ ಮಾತ್ರ ತುಂಬಿದ್ದರೆ ‘0 ಪ್ರೈಮ್’, ಬುಟ್ಟಿಯೊಳಗೂ ರಕ್ತ ಹರಿದು ಚೀಲದ ಗೋಡೆಯನ್ನೂ ಮುಟ್ಟುತ್ತಿದ್ದರೆ ‘1+3’. ಅಮೆರಿಕದ ವೆಬ್–ಐಟಿ ಅಧ್ಯಯನದ 150 ರೋಗಿಗಳಲ್ಲಿ ವರ್ಷಕ್ಕೆ ಪೂರ್ತಿ ಮುಚ್ಚಿದ್ದು ಶೇ 53.8. ಸಣ್ಣ ಕುತ್ತಿಗೆಯ ಉಳಿಕೆಯನ್ನೂ ಸೇರಿಸಿ ತೃಪ್ತಿಕರ ಎನ್ನಬಹುದಾದದ್ದು ಶೇ 84.6. ಎರಡು ಅಂಕಿಗಳ ನಡುವಿನ ಅಂತರ ನೋಡಿ, ಸುಮಾರು ಮೂರನೇ ಒಂದು ಭಾಗದ ರೋಗಿಗಳು ‘ಪೂರ್ತಿಯಲ್ಲ, ಆದರೆ ಪರವಾಗಿಲ್ಲ’ ಎಂಬ ಸ್ಥಿತಿಯಲ್ಲಿದ್ದಾರೆ. ಅವರನ್ನು ಕಾಲಕಾಲಕ್ಕೆ ನೋಡುತ್ತಿರಲೇಬೇಕು.

ಸ್ಟೆಂಟ್ ಇಟ್ಟು ಕಾಯಿಲ್ ಹಾಕಿದವರಲ್ಲಿ ಇನ್ನೊಂದು ಬದಲಾವಣೆಯಿದೆ. ಬಾಗಿದ್ದ ಮೂಲನಾಳ ಸ್ಟೆಂಟಿನ ಬಿಗಿತಕ್ಕೆ ಸಿಕ್ಕಿ ತಿಂಗಳುಗಳಲ್ಲಿ ನೆಟ್ಟಗಾಗುತ್ತದೆ, ಕವಲಿನ ಕೋನ ಬದಲಾಗುತ್ತದೆ, ರಕ್ತದ ಹೊಡೆತ ಉಬ್ಬಿನ ಬಾಯಿಯಿಂದ ಪಕ್ಕಕ್ಕೆ ಸರಿಯುತ್ತದೆ. ಸ್ಟೆಂಟ್ ಇದ್ದ ಕಡೆ ಮರುತೆರವು ಕಡಿಮೆಯಿರುವುದಕ್ಕೆ ಇದೂ ಒಂದು ಕಾರಣ.

ಯಾವ ಪರೀಕ್ಷೆ, ಯಾವಾಗ, ಏನು ಜೋಪಾನ

ಕ್ರಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೆ ಒಂದು, ಒಂದರಿಂದ ಒಂದೂವರೆ ವರ್ಷಕ್ಕೆ ಇನ್ನೊಂದು, ಆಮೇಲೆ ಅಂತರ ಹೆಚ್ಚಿಸುತ್ತ ಹಲವು ವರ್ಷ. ಒಮ್ಮೆ ಅನ್ಯೂರಿಸಂ ಬಂದವರಲ್ಲಿ ಬೇರೆ ಕಡೆ ಹೊಸದು ಹುಟ್ಟುವ ಸಂಭವವೂ ಇರುವುದರಿಂದ ಹಳೆಯದು ಮುಚ್ಚಿದೆ ಎಂದು ಪರೀಕ್ಷೆಯನ್ನೇ ಕೈಬಿಡುವಂತಿಲ್ಲ.

ಯಾವ ಪರೀಕ್ಷೆ ಎಂಬುದು ಸಾಧನದ ಮೇಲೆ ನಿಂತಿದೆ. ಕಾಯಿಲ್ ಒಂದೇ ಇದ್ದರೆ ಬಣ್ಣದ ದ್ರವವನ್ನೇ ಕೊಡದೆ ಮಾಡುವ ಎಂಆರ್ ಆಂಜಿಯೋಗ್ರಾಂ ಬಹಳ ಚೆನ್ನಾಗಿ ತೋರಿಸುತ್ತದೆ. ಅದೇ ಸಿಟಿ ಆಂಜಿಯೋಗ್ರಾಂನಲ್ಲಿ ಪ್ಲಾಟಿನಂ ಉಂಡೆಯಿಂದ ಬಿಳಿ ಗೆರೆಗಳು ಚದುರಿ ಪಕ್ಕದ್ದೇನೂ ಕಾಣುವುದಿಲ್ಲ. ಕಡಿಮೆ ಖರ್ಚೆಂದು ಊರಿನಲ್ಲೇ ಸಿಟಿ ಮಾಡಿಸಿಕೊಂಡು ಬರುವ ಮುಂಚೆ ಒಂದು ಮಾತು ಕೇಳಿ. ಫ್ಲೋ ಡೈವರ್ಟರ್ ಮತ್ತು ಸ್ಟೆಂಟ್‌ಗಳ ಒಳಭಾಗ ಎಂಆರ್ ಆಂಜಿಯೋಗ್ರಾಂನಲ್ಲಿ ಮಸುಕಾಗುತ್ತದೆ, ನಾಳ ಕಿರಿದಾದಂತೆ ಸುಳ್ಳು ಚಿತ್ರವೂ ಬರಬಹುದು. ಅಲ್ಲಿ ಮಣಿಕಟ್ಟು ಅಥವಾ ತೊಡೆಸಂದಿಯಿಂದ ಕೊಳವೆ ಹಾಕಿ ಮಾಡುವ ಡಿಎಸ್‌ಎ ಆಂಜಿಯೋಗ್ರಾಂ ಒಮ್ಮೆಯಾದರೂ ಬೇಕಾಗುತ್ತದೆ. ಅದಕ್ಕೆ ಮೊದಲು ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಆಗಿರಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ಹಿಂದೆ ಬಣ್ಣದ ದ್ರವಕ್ಕೆ ಅಲರ್ಜಿಯಾಗಿದ್ದರೆ ತಿಳಿಸಿ. ಪ್ಲಾಟಿನಂ ಕಾಯಿಲ್, ನಿಟಿನಾಲ್ ಸ್ಟೆಂಟ್ ಇದ್ದವರು ತಯಾರಕರು ಹೇಳಿದ ನಿಬಂಧನೆಯೊಳಗೆ ಎಂಆರ್‌ಐ ಮಾಡಿಸಿಕೊಳ್ಳಬಹುದು. ಮಂಡಿ ನೋವಿಗೆ ಎಂಆರ್‌ಐ ಬರೆದರೂ ಸಾಧನದ ಕಾರ್ಡ್ ತೋರಿಸಿ.

ಆಕಾರ ಬದಲಾಯಿತೇ ಎಂದು ಹೇಳಬೇಕಾದರೆ ಹಳೆಯ ಚಿತ್ರ ಪಕ್ಕದಲ್ಲಿರಬೇಕು. ಕಾಗದದ ವರದಿ ಸಾಲದು. ಸಾಧನ ಇಟ್ಟ ದಿನದ ಕೊನೆಯ ಆಂಜಿಯೋಗ್ರಾಂನ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆದುಕೊಳ್ಳಿ. ಅದು ನಿಮ್ಮ ಹಕ್ಕು. ಬೀದರ್‌ನಿಂದಲೋ ರಾಯಚೂರಿನಿಂದಲೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದು, ಸಿಡಿ ಮನೆಯಲ್ಲೇ ಉಳಿದದ್ದರಿಂದ ಹೋಲಿಕೆ ಮಾಡಲಾಗದೆ ಮತ್ತೊಂದು ದಿನ ಬರಬೇಕಾದರೆ ಆ ಶ್ರಮ ಯಾರಿಗೂ ಬೇಡ. ಸಾಧ್ಯವಾದರೆ ಅದೇ ಆಸ್ಪತ್ರೆಯಲ್ಲಿ, ಅದೇ ಬಗೆಯ ಪರೀಕ್ಷೆ ಮಾಡಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆದವರು ಮುಂದಿನ ಆಂಜಿಯೋಗ್ರಾಂ ಅದರಲ್ಲಿ ಸೇರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಡಿಸ್ಚಾರ್ಜ್ ಆಗುವ ಮುಂಚೆಯೇ ವಿಚಾರಿಸಿಕೊಳ್ಳಿ. ಸೇರದಿದ್ದರೆ ಹಣ ಹೊಂದಿಸಲು ಆರು ತಿಂಗಳ ಸಮಯ ಸಿಗುತ್ತದೆ.

ಮಾತ್ರೆ ತಪ್ಪಿದರೆ

ಸ್ಟೆಂಟ್ ಅಥವಾ ಫ್ಲೋ ಡೈವರ್ಟರ್ ಇಟ್ಟವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ ಕೊಡುತ್ತಾರೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆಮೇಲೆ ಆಸ್ಪಿರಿನ್ ಒಂದೇ ಮುಂದುವರಿಯುತ್ತದೆ. ಹೆಣಿಗೆಯ ಮೇಲೆ ಒಳಪದರ ಹಬ್ಬುವವರೆಗೆ ಬರಿಯ ಲೋಹಕ್ಕೆ ರಕ್ತ ತಾಗುತ್ತಿರುತ್ತದೆ, ಮಾತ್ರೆ ನಿಂತರೆ ಕೊಳವೆಯಲ್ಲೇ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು. ಹಲ್ಲು ಕೀಳಿಸಲು ಹೋದಾಗ, ಬೇರೆ ಆಪರೇಷನ್ ಗೊತ್ತಾದಾಗ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಸಾಧನ ಇಟ್ಟ ಡಾಕ್ಟರಿಗೆ ಫೋನ್ ಮಾಡಿ.

ಕ್ಲೋಪಿಡೊಗ್ರೆಲ್ ಎಲ್ಲರ ದೇಹದಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಅದನ್ನು ಸಕ್ರಿಯಗೊಳಿಸುವ ಯಕೃತ್ತಿನ ಕಿಣ್ವ ಭಾರತೀಯರೂ ಸೇರಿದಂತೆ ಏಷ್ಯಾದ ಹಲವರಲ್ಲಿ ವಂಶವಾಹಿಯ ಕಾರಣದಿಂದ ದುರ್ಬಲವಾಗಿರುತ್ತದೆ. ಅದಕ್ಕೇ ಸಾಧನ ಇಡುವ ಮುಂಚೆ ರಕ್ತದ ಪರೀಕ್ಷೆ ಮಾಡಿ, ಬೇಕಾದರೆ ಪ್ರಸುಗ್ರೆಲ್ ಅಥವಾ ಟಿಕಾಗ್ರೆಲರ್‌ಗೆ ಬದಲಿಸುತ್ತಾರೆ. ಎದೆಯುರಿಗೆಂದು ಅಂಗಡಿಯಿಂದ ತಂದು ನುಂಗುವ ಓಮೆಪ್ರಝೋಲ್, ಎಸೊಮೆಪ್ರಝೋಲ್ ಮಾತ್ರೆಗಳು ಕ್ಲೋಪಿಡೊಗ್ರೆಲ್‌ನ ಬಲ ಕುಗ್ಗಿಸುತ್ತವೆ. ಅಸಿಡಿಟಿಗೆ ಮಾತ್ರೆ ಬೇಕಿದ್ದರೆ ಕೇಳಿ ಬರೆಸಿಕೊಳ್ಳಿ. ಮೈಕೈ ನೋವಿಗೆ ಐಬುಪ್ರೊಫೆನ್ ಕೂಡ ಬೇಡ, ಆಸ್ಪಿರಿನ್ ಜೊತೆ ಸೇರಿ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಮಳೆಗಾಲದಲ್ಲಿ ಜ್ವರ ಬಂದರೆ ತಡಮಾಡಬೇಡಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವಾಗ ಈ ಮಾತ್ರೆಗಳೂ ಸೇರಿದರೆ ಅಪಾಯ. ಇತ್ತ ಮಾತ್ರೆ ದಿಢೀರನೆ ನಿಲ್ಲಿಸಿದರೂ ಅಪಾಯ. ಜ್ವರದ ಡಾಕ್ಟರೂ ಮಿದುಳಿನ ಡಾಕ್ಟರೂ ಮಾತಾಡಿಕೊಂಡೇ ನಿರ್ಧರಿಸಬೇಕು.

ಬೀಡಿ, ಸಿಗರೇಟು ಪೂರ್ತಿ ಬಿಡಬೇಕು, ಬಿಪಿ ಹತೋಟಿಯಲ್ಲಿರಬೇಕು. ಉಬ್ಬು ಹುಟ್ಟಲು, ಬೆಳೆಯಲು, ಒಡೆಯಲು ಕಾರಣವಾಗುವ ಸಂಗತಿಗಳಲ್ಲಿ ನಮ್ಮ ಕೈಯಲ್ಲಿರುವ ಮುಖ್ಯವಾದವು ಇವೇ ಎರಡು.

ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದಂಥ ತಲೆನೋವು ಬಡಿದರೆ, ಒಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ, ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಿ. ಸಾಧನದ ಹೆಸರು, ಇಟ್ಟ ತಾರೀಕು, ಉಬ್ಬು ಇದ್ದ ಜಾಗ, ನುಂಗುತ್ತಿರುವ ಮಾತ್ರೆಗಳು, ಡಾಕ್ಟರ ಫೋನ್ ನಂಬರ್ ಇಷ್ಟನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯೊಂದು ರೋಗಿಯ ಪರ್ಸಿನಲ್ಲಿ ಸದಾ ಇರಲಿ, ಅದರ ಫೋಟೊ ಮನೆಯ ಎಲ್ಲರ ಮೊಬೈಲಿನಲ್ಲಿರಲಿ. ತುರ್ತು ವಿಭಾಗದಲ್ಲಿ ಮೊದಲು ಮಾಡುವುದು ಸಿಟಿ ಸ್ಕ್ಯಾನ್. ಅದರಲ್ಲಿ ಬಿಳಿಯಾಗಿ ಹೊಳೆಯುವುದು ಹಳೆಯ ಲೋಹವೋ ಹೊಸ ರಕ್ತವೋ ಎಂಬುದನ್ನು ಅಲ್ಲಿನ ಡಾಕ್ಟರು ಬೇಗ ತಿಳಿಯಲು ಆ ಚೀಟಿ ನೆರವಾಗುತ್ತದೆ.